ಅಧಿಕಾರದ ಹಂಚಿಕೆ: ಅಪಾಚೆ ಸರ್ವರಿನ ಒಂದು ನಿಯಮದ ವಿಮರ್ಶೆ

1995ರಲ್ಲಿ ಮೊದಲು ಪ್ರಕಟವಾದ ಅಪಾಚೆ ವೆಬ್ ಸರ್ವರಿನಲ್ಲಿ ‘ಅಲೋ ಓವರ್‌ರೈಡ್’ ಎಂಬ ನಿಯಮವೊಂದುಂಟು. ಒಂದೇ ಯಂತ್ರದಲ್ಲಿ ಹಲವರು ತಮ್ಮ ಪುಟಗಳನ್ನಿಟ್ಟಿರುವಾಗ ಮುಖ್ಯ ಸಂರಚನೆಯನ್ನು ತಿದ್ದುವ ಅಧಿಕಾರ ನಿರ್ವಾಹಕನಿಗೆ ಮಾತ್ರ ಸಲ್ಲುತ್ತದೆ. ಉಳಿದವರು ತಂತಮ್ಮ ಡೈರೆಕ್ಟರಿಯಲ್ಲಿ ‘.ಎಚ್‌ಟಿಆಕ್ಸೆಸ್’ ಎಂಬ ಕಡತವನ್ನಿಟ್ಟು ಯಾವ ಯಾವ ಏರ್ಪಾಡುಗಳನ್ನು ಬದಲಿಸಬಹುದೆಂಬುದನ್ನು ಈ ನಿಯಮ ಗೊತ್ತುಪಡಿಸುತ್ತದೆ. ಇದರ ಗುಣದೋಷಗಳನ್ನು ಸಂಗ್ರಹವಾಗಿ ವಿವೇಚಿಸುವುದು ನಮ್ಮ ಉದ್ದೇಶ.

ಗುಣವು ಸ್ಪಷ್ಟವಾಗಿದೆ. ಅನುಮತಿಯಿದ್ದಲ್ಲಿ ಅಧ್ಯಾಪಕನೊಬ್ಬನು ತನ್ನ ಪಾಠದ ಪುಟಗಳಿಗೆ ಗುಪ್ತಪದದ ಕಾವಲನ್ನು ತಾನೇ ಇಡಬಲ್ಲನು; ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕಾದುದಿಲ್ಲ. ಆದರೆ ಈ ಸೌಕರ್ಯಕ್ಕೆ ಬೆಲೆಯುಂಟು. ಮೇಲಿನಿಂದ ಕೆಳಗಿನವರೆಗೆ ಅನುಮತಿಯಿರುವಾಗ, ಒಂದು ಪುಟವನ್ನು ಕೇಳಿದ ಪ್ರತಿ ಸಲವೂ ಸರ್ವರು ಆ ಹಾದಿಯ ಎಲ್ಲ ಡೈರೆಕ್ಟರಿಗಳಲ್ಲಿಯೂ ಈ ಕಡತವನ್ನು ಹುಡುಕಬೇಕು. ಅದು ಎಲ್ಲಿಯೂ ಇಲ್ಲದಿದ್ದರೂ ಹುಡುಕಾಟ ತಪ್ಪದು.

ಇದಕ್ಕಿಂತ ಗುರುತರವಾದ ದೋಷವು ವರ್ಗೀಕರಣದಲ್ಲಿದೆ. ಅನುಮತಿಗಳನ್ನು ಆಥ್‌ಕಾನ್ಫಿಗ್, ಫೈಲ್‌ಇನ್ಫೋ, ಇಂಡೆಕ್ಸಸ್, ಲಿಮಿಟ್, ಆಪ್ಷನ್ಸ್ ಎಂದು ಐದು ವರ್ಗಗಳಾಗಿ ವಿಂಗಡಿಸಲಾಗಿದೆ. ಇವುಗಳಲ್ಲಿ ಫೈಲ್‌ಇನ್ಫೋ ಎಂಬುದನ್ನು ನೋಡೋಣ. ದೋಷ ಸೂಚಿಸುವ ಪುಟವನ್ನು ಬದಲಿಸುವ ನಿರುಪದ್ರವಿಯಾದ ಆಜ್ಞೆಯೂ, ಕಡತವನ್ನು ಯಾವ ರೀತಿ ನಡೆಸಬೇಕೆಂದು ವಿಧಿಸುವ ‘ಸೆಟ್‌ಹ್ಯಾಂಡ್ಲರ್’ ಎಂಬ ಪ್ರಬಲವಾದ ಆಜ್ಞೆಯೂ ಅದರಲ್ಲಿ ಒಟ್ಟಿಗೆ ಸೇರಿವೆ. ಪಿಎಚ್‌ಪಿ ಮಾಡ್ಯೂಲನ್ನು ಅಳವಡಿಸಿಕೊಂಡ ಸರ್ವರಿನಲ್ಲಿ ಈ ಎರಡನೆಯದರಿಂದ ಚಿತ್ರವೆಂದು ಹೆಸರಿಟ್ಟ ಕಡತವನ್ನೂ ಪ್ರೋಗ್ರಾಮಾಗಿ ನಡೆಸಬಹುದು. ಮೊದಲನೆಯದನ್ನು ಬೇಡಿದವನಿಗೆ ಎರಡನೆಯದೂ ದೊರೆಯುವುದು ಉಚಿತವೆ?

2012ರಲ್ಲಿ ಬಂದ 2.4ನೆಯ ಆವೃತ್ತಿಯು ಎರಡು ಸುಧಾರಣೆಗಳನ್ನು ತಂದಿತು. ನಿರ್ವಾಹಕನು ಏನನ್ನೂ ಹೇಳದಿದ್ದಾಗ ಮೊದಲು ‘ಆಲ್’, ಅಂದರೆ ಸರ್ವಾನುಮತಿ, ಎಂದಿದ್ದುದು ‘ನನ್’ ಎಂದಾಯಿತು. ವರ್ಗದ ಹಂಗಿಲ್ಲದೆ ಆಜ್ಞೆಗಳನ್ನು ಹೆಸರು ಹಿಡಿದು ಅನುಮತಿಸುವ ‘ಅಲೋ ಓವರ್‌ರೈಡ್ ಲಿಸ್ಟ್’ ಎಂಬುದೂ ಬಳಕೆಗೆ ಬಂದಿತು. ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯದೇ ಹೆಚ್ಚು ಮುಖ್ಯವಾದುದು. ಪುಟವು ನಡೆಯಲಿಲ್ಲವೆಂಬ ದೂರು ಬಂದೊಡನೆ ‘ಆಲ್’ ಎಂದು ಬರೆದು ಕೈತೊಳೆದುಕೊಳ್ಳುವ ನಿರ್ವಾಹಕರಿರುವವರೆಗೆ ಮೊದಲನೆಯ ಸುಧಾರಣೆಯೊಂದರಿಂದಲೇ ರಕ್ಷಣೆಯಾಗದು.

ಇಂತಹ ಕಡತಗಳೇ ಬೇಡವೆಂಬ ಪಕ್ಷವೂ ಉಂಟು. ಎಂಜಿನ್‌ಎಕ್ಸ್ ಸರ್ವರಿನಲ್ಲಿ ಈ ವ್ಯವಸ್ಥೆಯೇ ಇಲ್ಲ. ಯಂತ್ರವು ತನ್ನದೇ ಆದವನಿಗೆ ಇದರಿಂದ ನಷ್ಟವಿಲ್ಲ. ಆದರೆ ಇತರರ ಯಂತ್ರವನ್ನು ಆಶ್ರಯಿಸಿದವನು ಪ್ರತಿ ಅಲ್ಪ ಬದಲಾವಣೆಗೂ ನಿರ್ವಾಹಕನ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಆದುದರಿಂದ ಸಾಮಾನ್ಯವಾಗಿ ‘ನನ್’ ಎಂದಿಟ್ಟು, ಅಗತ್ಯವಿದ್ದ ಡೈರೆಕ್ಟರಿಗೆ ಅಗತ್ಯವಿದ್ದ ಆಜ್ಞೆಯನ್ನಷ್ಟೇ ಹೆಸರಿಸಿ ಕೊಡುವುದು ನ್ಯಾಯವಾದ ಮಾರ್ಗ. ಕೊಡುವವನಿಗೆ ತಾನು ಕೊಟ್ಟದ್ದು ಎಷ್ಟೆಂಬುದು ತಿಳಿದಿರಬೇಕು.