ಅಟ್ಟದ ಕಾಯಿ, ಕೊಲ್ಲಿಯ ಮೋಡ

ಡಿಸೆಂಬರ್ ಹೊಸ್ತಿಲಲ್ಲಿ ತಿಪಟೂರು ಸೀಮೆಯ ಹಳ್ಳಿಗಳಲ್ಲಿ ಬೆಳಗಿನ ಆರಕ್ಕೆ ಹಾಲಿನ ಡೇರಿ ಮುಂದೆ ನಿಂತವರು ಮಫ್ಲರ್ ಸುತ್ತಿಕೊಂಡಿರಬೇಕು, ಮಾತಾಡಿದರೆ ಬಾಯಿಂದ ಹಬೆ ಬರಬೇಕು. ಅದು ಬಿಟ್ಟು ಬನಿಯನ್ನಿನಲ್ಲೇ ಕ್ಯಾನ್ ಹಿಡಿದು ನಿಂತಿದ್ದಾರೆ ಎಂದರೆ ಮಾಗಿಯ ಲೆಕ್ಕ ತಪ್ಪಿದೆ. ಹುರುಳಿ ಹೊಲದಲ್ಲಿ ಮಂಜಿಲ್ಲ, ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ, ಗರಿ ಅಲುಗುವಷ್ಟೂ ಗಾಳಿಯಿಲ್ಲ, ರಾತ್ರಿ ಫ್ಯಾನ್ ಹಾಕದೆ ನಿದ್ದೆ ಬಾರದು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿವಿಯವರು ಹೇಳುವ ಹೊತ್ತಿಗೆ ಕೊಬ್ಬರಿ ಮಾಡುವ ಮನೆಯ ಹಿರಿಯರು ಒಂದು ಸಲ ಅಟ್ಟ ಹತ್ತಿ, ಹೆಂಚು ನೋಡಿ ಇಳಿದಿರುತ್ತಾರೆ.

ಉಂಡೆ ಕೊಬ್ಬರಿಯಲ್ಲಿ ಪಳಗಿದವರು ಯಾರು ಎಂದು ತಿಳಿಯಬೇಕಾದರೆ ಇಂಥ ವಾರದಲ್ಲೇ ನೋಡಬೇಕು. ಮಳೆಗೆ ಹೆದರಬೇಕಾದ್ದು ಚಿಪ್ಪು ಒಡೆದು ಹೊರತೆಗೆದ ಕೊಬ್ಬರಿ. ಸೋರದ ಸೂರಿನಡಿ, ಮಟ್ಟೆ ಮೈಮೇಲಿರುವ ಕಾಯಿಗೆ ಚಂಡಮಾರುತ ಏನೂ ಮಾಡದು. ಯಾವತ್ತು ಇಳಿಸಬೇಕು, ಯಾವತ್ತು ಸುಲಿಯಬೇಕು ಎಂಬ ಒಂದು ತೀರ್ಮಾನದ ಮೇಲೆ ವರ್ಷದ ಗಳಿಕೆ ನಿಂತಿರುತ್ತದೆ.

ಮೊದಲು ಈ ಸೆಖೆಯ ಮಾತು. ಒಳನಾಡಿನ ಮಾಗಿ ಚಳಿ ಮುಖ್ಯವಾಗಿ ರಾತ್ರಿಯ ಚಳಿ. ಆಕಾಶ ಶುಭ್ರವಾಗಿ, ಗಾಳಿ ಒಣಗಿದ್ದರೆ ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಕೊಲ್ಲಿಯ ಕಡೆಯಿಂದ ತೇವದ ಮೂಡಣ ಗಾಳಿ ಮೋಡ ತಂದಿತೆಂದರೆ ಆ ಮೋಡವೇ ಊರಿಗೆ ಹೊದಿಸಿದ ಕಂಬಳಿ; ಶಾಖ ಹೊರಹೋಗದು, ಮಂಜು ಬೀಳದು. ಮೋಡ ತಲುಪುವುದಕ್ಕೂ ಮೊದಲು ಒಂದೆರಡು ದಿನ ಬಿಸಿಲು ಇನ್ನಷ್ಟು ಏರುವುದುಂಟು. ಚಂಡಮಾರುತದ ನಡುವೆ ಮೇಲೇರುವ ಗಾಳಿ ಅದರ ಹೊರ ಅಂಚಿನಲ್ಲಿ ಕೆಳಗಿಳಿಯುತ್ತದೆ. ಇಳಿಯುತ್ತಾ ಬಿಸಿಯಾಗುತ್ತದೆ, ಒಣಗುತ್ತದೆ, ಇದ್ದ ಮೋಡವನ್ನೂ ಚದುರಿಸುತ್ತದೆ. ಹೀಗಾಗಿ ಮಳೆಗೆ ಮುಂಚಿನ ಬಿಸಿಲನ್ನು ಕಂಡು ಹವೆ ತಿಳಿಯಾಯಿತು ಎಂದುಕೊಂಡವರು ಮೋಸಹೋಗುತ್ತಾರೆ.

ಪಂಚಾಂಗದ ಪ್ರಕಾರ ಇದು ಅನುರಾಧ ಮುಗಿದು ಜ್ಯೇಷ್ಠ ಹುಟ್ಟುವ ಸಮಯ, ಮಳೆ ನಕ್ಷತ್ರಗಳ ಬಾಲ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಗೆ ಚಂಡಮಾರುತದ ಕಾಲವೂ ಹೌದು. 2011ರ ಡಿಸೆಂಬರ್ 30ರಂದು ಥಾನೆ, 2016ರ ಡಿಸೆಂಬರ್ 12ರಂದು ವಾರ್ದಾ, 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್, 2024ರ ನವೆಂಬರ್ 30ರ ರಾತ್ರಿ ಫೆಂಗಲ್ ತಮಿಳುನಾಡು, ಪುದುಚೇರಿ ಕರಾವಳಿಗೆ ಅಪ್ಪಳಿಸಿದವು. ಫೆಂಗಲ್ ದಡ ಮುಟ್ಟಿದ ಮೇಲೆ ಅಲ್ಲೇ ಠಿಕಾಣಿ ಹೂಡಿ, ಬಳಿಕ ನಿಧಾನವಾಗಿ ಪಶ್ಚಿಮಕ್ಕೆ ಸರಿಯಿತು. ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಸುರಿಯಿತು. ತಿಪಟೂರು ಕಡೆ ಇಡೀ ವರ್ಷಕ್ಕೆ ಬೀಳುವ ಮಳೆಯೇ ಅದಕ್ಕಿಂತ ಬಹಳ ಹೆಚ್ಚೇನಲ್ಲ. ಡಿಸೆಂಬರ್ ಮೊದಲ ದಿನಗಳಲ್ಲಿ ದಕ್ಷಿಣ ಒಳನಾಡಿಗೂ ಜಡಿ ಹಿಡಿಯಿತು. ಆ ವರ್ಷವೇ, ಅಂದರೆ 2024, ಹವಾಮಾನ ಇಲಾಖೆಯ ಲೆಕ್ಕದಲ್ಲಿ 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿಯ ವರ್ಷ.

ಜಡಿಯ ಮೊದಲ ಏಟು ಬೀಳುವುದು ರಾಗಿಗೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೊಲಗಳಲ್ಲಿ ಆ ಹೊತ್ತಿಗೆ ರಾಗಿ ಕೊಯ್ದು ಅರಿ ಬಿಟ್ಟಿರುತ್ತಾರೆ. ಬಿಸಿಲು ಚೆನ್ನಾಗಿದೆ ಎಂದು ಕೊಯ್ದರೆ ಆಯಿತು, ಮತ್ತೆ ಜೋಡಿಸುವಂತಿಲ್ಲ. ಎರಡು ದಿನ ನೆನೆದರೆ ತೆನೆಯಲ್ಲೇ ಮೊಳಕೆ, ಹುಲ್ಲು ಕಪ್ಪು, ದನ ಮೂಸುವುದಿಲ್ಲ. ಇತ್ತ ಅದೇ ಮನೆಯ ಅಟ್ಟದ ಮೇಲೆ ಸಾವಿರಗಟ್ಟಲೆ ಕಾಯಿ ನಿಶ್ಚಿಂತೆಯಾಗಿರುತ್ತವೆ. ರಾಗಿಗೆ ಇಲ್ಲದ ಸೌಕರ್ಯ ಅದು: ಕಾಯಿಗೆ ಕೊಯ್ಲಾದ ಮೇಲೂ ವರ್ಷದವರೆಗೆ ವಾಯಿದೆ ಸಿಗುತ್ತದೆ.

ಆ ವಾಯಿದೆಯೇ ತಿಪಟೂರು ಕೊಬ್ಬರಿಯ ಹೆಚ್ಚುಗಾರಿಕೆ. ಕೇರಳದ ಕಡೆ ಕಾಯಿ ಹೋಳು ಮಾಡಿ ಬಿಸಿಲಿಗೋ ಗೂಡಿನ ಶಾಖಕ್ಕೋ ಒಡ್ಡಿ ಒಂದು ವಾರದೊಳಗೆ ಒಣಗಿಸುತ್ತಾರೆ. ಅದು ಗಾಣಕ್ಕೆ ಹೋಗುವ ಕೊಬ್ಬರಿ. ಇಲ್ಲಿ ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಹಳೇ ಮನೆಗಳಲ್ಲಿ ಅಡುಗೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಹುಳ, ತೇವ ಎರಡನ್ನೂ ದೂರ ಇಡುತ್ತಿತ್ತು. ಈಗ ತೋಟದಲ್ಲೇ ಬೇರೆ ಶೆಡ್ಡು. ನೆಲದಿಂದ ಎತ್ತರಿಸಿ, ಸಂದು ಬಿಟ್ಟು ಹಾಸಿದ ರೀಪಿನ ಮೇಲೆ ಕಾಯಿ, ಕೆಳಗಿನಿಂದ ಗಾಳಿ. ತಿಂಗಳು ಉರುಳಿದಂತೆ ಒಳಗಿನ ನೀರು ಇಂಗುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಹಸಿ ತಿರುಳಿನಲ್ಲಿ ಅರ್ಧಭಾಗ ನೀರೇ. ಕೊಬ್ಬರಿಯಾಗುವಾಗ ಅದು ಶೇ 7ಕ್ಕೆ ಇಳಿದಿರಬೇಕು, ಸರ್ಕಾರದ ಖರೀದಿಗೂ ಅದೇ ಮಿತಿ.

ಇದನ್ನೆಲ್ಲ ಅಳೆಯುವ ಯಂತ್ರವೂ ಬಂದಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೊಬ್ಬರಿಯ ತೇವ ಹೇಳುವ ಮೀಟರ್ ರೂಪಿಸಿದೆ. ಆದರೆ ಮೀಟರಿನ ಮುಳ್ಳು ಚುಚ್ಚಬೇಕಾದರೆ ಕಾಯಿ ಒಡೆದಿರಬೇಕು. ಒಡೆಯದ ಕಾಯಿಗೆ ಇವತ್ತಿಗೂ ಕಿವಿಯೇ ಮೀಟರು. ಅಟ್ಟ ಹತ್ತಿದವರು ಗುಡ್ಡೆಯ ನಡುವಿನಿಂದೊಂದು, ಮೂಲೆಯಿಂದೊಂದು ಎಂದು ಕಾಯಿ ಹೆಕ್ಕುತ್ತಾರೆ. ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಅದಕ್ಕಿನ್ನೂ ತಿಂಗಳುಗಳಿವೆ. ಸದ್ದೇ ಇಲ್ಲದಿದ್ದರೆ ನೀರು ಇಂಗಿದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿಲ್ಲ. ಒಳಗಿನ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅಂದರೆ ಇಳಿಸಬಹುದು. ಇಳಿಸಬಹುದು ಅಷ್ಟೆ, ಇವತ್ತೇ ಇಳಿಸಬೇಕೆಂದಿಲ್ಲ.

ಸೆಖೆಯ ವಾರದ ಆಮಿಷ ಇರುವುದು ಇಲ್ಲೇ. ಬಿಸಿಲು ಗರಿಗರಿಯಾಗಿದೆ, ಮಟ್ಟೆ ಒಣಗಿದೆ, ಸುಲಿಯುವವರು ಸಿಗುತ್ತಾರೆ. ಮಂಡಿಯಿಂದ ಫೋನು ಬರುತ್ತದೆ.

“ಈ ವಾರ ಇಳಿಸ್ಬಿಡಿ ಗೌಡ್ರೇ, ರೇಟು ಚೆನ್ನಾಗೈತೆ.”

“ಮೂಡ್ಲ ಕಡೆ ಮೋಡ ಹೆಂಗೈತೆ ನೋಡಣ್ಣ. ಅದು ಕಳೀಲಿ, ಆಮೇಲೆ ನೋಡಾಣ.”

ಗೌಡರ ಹಿಂಜರಿಕೆಗೆ ಕಾರಣವಿದೆ. ನೆಲಕ್ಕೆ ನೆಟ್ಟ ಹಾರೆಯ ಮೇಲೆ ಕಾಯಿ ಸುಲಿಯುವುದು ಗಂಡಾಳಿನ ಕೆಲಸ. ಚಿಪ್ಪು ಬಿಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಕಾಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಮಚ್ಚಿನ ಹಿಂಬದಿಯಿಂದ ಸುತ್ತಲೂ ಹದವಾಗಿ ತಟ್ಟುತ್ತಾರೆ. ಏಟು ಚಿಪ್ಪಿಗೆ ತಾಗಬೇಕು, ಉಂಡೆಗೆ ತಾಗಬಾರದು. ಕಂದು ಸಿಪ್ಪೆಯ ಮೇಲೆ ಒಂದು ಗೀರು ಬಿದ್ದರೂ ದರ್ಜೆ ಇಳಿಯುತ್ತದೆ, ಒಡೆದರೆ ಹೋಳಿನ ಗುಡ್ಡೆಗೆ. ಹೀಗೆ ಹೊರಬಂದ ಉಂಡೆಗೆ ಒಂದೆರಡು ದಿನದ ಒಳ್ಳೆ ಬಿಸಿಲು ಬೇಕು, ಉಳಿದ ಪಸೆ ಆರಬೇಕು. ಆ ಒಂದೆರಡು ದಿನದಲ್ಲೇ ಜಡಿ ಹಿಡಿದರೆ? ಕೊಬ್ಬರಿ ಗಾಳಿಯ ತೇವವನ್ನು ವಾಪಸು ಎಳೆದುಕೊಳ್ಳುತ್ತದೆ. ಅದಕ್ಕೆ ಬೆಚ್ಚನೆಯ ಹವೆಯೂ ಸೇರಿದರೆ ಬೂಷ್ಟಿಗೆ ಹಬ್ಬ. ಹಳದಿ ಹಸಿರು ಬೂಷ್ಟು ಬಂತೆಂದರೆ ಬರೀ ನೋಟ ಕೆಟ್ಟಂತಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಶಿಲೀಂಧ್ರ ಯಕೃತ್ತಿಗೆ ವಿಷವಾದ ಅಫ್ಲಾಟಾಕ್ಸಿನ್ ಹುಟ್ಟಿಸುತ್ತದೆ. ಮಂಡಿಯಲ್ಲಿ ಅಂಥ ಮಾಲಿಗೆ ಕೌಟು ಎಂದು ಹಣೆಪಟ್ಟಿ ಬೀಳುತ್ತದೆ, ದರ ಕುಸಿಯುತ್ತದೆ.

ಒಡೆಯದ ಕಾಯಿಗೂ ಒಂದು ಗಂಡಾಂತರವಿದೆ, ಅದು ಸೂರಿನಿಂದ. ಒಂದು ಹೆಂಚು ಸರಿದು ಒಂದೇ ಕಡೆ ತೊಟ್ಟಿಕ್ಕಿದರೆ ಕೆಳಗಿನ ಕಾಯಿಗಳ ಮಟ್ಟೆ ನೀರು ಕುಡಿಯುತ್ತದೆ. ಸೆಖೆ, ತೇವ, ಕತ್ತಲು ಮೂರೂ ಒದಗಿದ ಮೇಲೆ, ನೀರಿನ್ನೂ ಇಂಗದ ಕಾಯಿ ತಾನು ಬೀಜ ಎಂಬುದನ್ನು ನೆನಪಿಸಿಕೊಂಡು ಮೊಳೆಯುತ್ತದೆ. ಮೊಳೆತ ಕಾಯಿಯೊಳಗೆ ಸ್ಪಂಜಿನಂಥ ಗಡ್ಡೆ ಬೆಳೆದು ತಿರುಳನ್ನೇ ತಿಂದುಹಾಕುತ್ತದೆ. ಮಕ್ಕಳಿಗೆ ಅದು ರುಚಿ, ಕೊಬ್ಬರಿಯ ಲೆಕ್ಕಕ್ಕೆ ನಷ್ಟ. ಹಿರಿಯರು ಸೆಖೆ ಶುರುವಾದ ಕೂಡಲೇ ಹೆಂಚು ನೋಡುವುದು ಇದಕ್ಕೇ. ಹಗಲಲ್ಲಿ ಅಟ್ಟದ ಕತ್ತಲೊಳಗೆ ನಿಂತರೆ ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ನಾಳೆ ನೀರು.

ಕಾದವರಿಗೆ ದರ ಕಾಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲ್‌ಗೆ ₹12,000, 2025ಕ್ಕೆ ₹12,100. ಗಾಣದ ಕೊಬ್ಬರಿಗೆ ಕ್ರಮವಾಗಿ ₹11,160 ಮತ್ತು ₹11,582. ಬೆಂಬಲ ಬೆಲೆ ನೂರು ರೂಪಾಯಿ ಹೆಚ್ಚಿದ 2025ರಲ್ಲೇ ತಿಪಟೂರು ಎಪಿಎಂಸಿ ಹರಾಜಿನಲ್ಲಿ ಉಂಡೆ ಕೊಬ್ಬರಿ ₹20,000 ದಾಟಿ ಓಡಿತು. ಫೆಂಗಲ್ ಮಳೆಯ ವಾರದಲ್ಲಿ ಅವಸರ ಮಾಡದೆ ಕಾಯನ್ನು ಅಟ್ಟದಲ್ಲೇ ಬಿಟ್ಟವರಿಗೆ ಆರು ತಿಂಗಳಲ್ಲಿ ಲಾಟರಿ ಹೊಡೆದಂತಾಯಿತು. ಅದು ಹವೆಯ ಜಾಣ್ಮೆಗೆ ಸಿಕ್ಕ ಕೂಲಿಯಲ್ಲ, ಅದೃಷ್ಟ. ಹಿಂದಿನ ವರ್ಷಗಳಲ್ಲಿ ಇದೇ ರೀತಿ ಕಾದು ಕೈಸುಟ್ಟುಕೊಂಡವರೂ ಇದೇ ಊರುಗಳಲ್ಲಿದ್ದಾರೆ.

ಅಟ್ಟಕ್ಕೆ ಬೇಡವಾದ ಮಳೆ ತೋಟಕ್ಕೆ ಬೇಕು. ಎಲೆಯಡಿ ಬಿಳಿ ಸುರುಳಿ ಹಾಕಿ, ಕೆಳಗಿನ ಗರಿಗಳಿಗೆಲ್ಲ ಮಸಿ ಬಳಿಯುವ ರುಗೋಸ್ ಬಿಳಿ ನೊಣ 2016ರಲ್ಲಿ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡು ದಕ್ಷಿಣಕ್ಕೆಲ್ಲ ಹಬ್ಬಿತು. ಒಣ ಬೆಚ್ಚನೆಯ ಹವೆ ಅದಕ್ಕೆ ಪ್ರಿಯ, ಬಿರುಸು ಮಳೆ ಆಗದು. ಹೇಮಾವತಿ ನಾಲೆಯ ನೀರು ಕಾಣದ ಚಿಕ್ಕನಾಯಕನಹಳ್ಳಿಯ ಒಣ ತೋಟಗಳಿಗಂತೂ ಡಿಸೆಂಬರ್‌ನ ಒಂದು ಹದ ಮಳೆ ಬೇಸಿಗೆಯ ಒಂದಷ್ಟು ದಿನವನ್ನು ದಾಟಿಸುತ್ತದೆ. ಮರಕ್ಕೆ ಇಂಥ ಮಳೆಯ ನೆನಪು ದೀರ್ಘ. ಹೊಂಬಾಳೆ ಒಡೆಯುವುದಕ್ಕೆ ಸುಮಾರು 32 ತಿಂಗಳ ಮೊದಲೇ ಅದರ ಅಂಕುರ ಸುಳಿಯೊಳಗೆ ಕಟ್ಟಿರುತ್ತದೆ, ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಹಾಗಾಗಿ ಬರಗಾಲ ಬಂದರೆ ಹರಳು ಉದುರಿದ್ದು ಆ ವರ್ಷವೇ ಕಾಣುತ್ತದೆ. ಕಟ್ಟದೇ ಹೋದ ಹೊಂಬಾಳೆಯ ಲೆಕ್ಕ ಸಿಗುವುದು ಮೂರ‍್ನಾಲ್ಕು ವರ್ಷ ಕಳೆದ ಮೇಲೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ಲೆಕ್ಕವೂ ದೂರದ್ದೇ: ಚಳಿಗಾಲದಲ್ಲಿ ಮೋಡ ಗರ್ಭ ಕಟ್ಟಿದರೆ 195 ದಿನಕ್ಕೆ ಮಳೆಯಾಗಿ ಹೆರುತ್ತದಂತೆ. ಡಿಸೆಂಬರ್ ಮೋಡಕ್ಕೆ ಅಷ್ಟು ದಿನ ಕೂಡಿಸಿದರೆ ಮುಂಗಾರಿನ ಜೂನ್ ಬರುತ್ತದೆ.

ಕೊಳ್ಳುವವರ ಪಾಡಿಗೆ ಬರೋಣ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುವ ಮನೆಗಳಲ್ಲಿ ಕೊಬ್ಬರಿ ಹೆಚ್ಚುವ ಕೆಲಸ ಹಬ್ಬಕ್ಕೆ ಒಂದು ವಾರ ಮುಂಚೆ ಹತ್ತಿಕೊಳ್ಳುತ್ತದೆ. ಕಂದು ಸಿಪ್ಪೆ ಹೆರೆದು, ತೆಳ್ಳಗೆ ಸೀಳಿ, ಸಣ್ಣ ಚೂರು ಮಾಡಿ, ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿ ಬಿಸಿಲಿಗೆ ಹರವುತ್ತಾರೆ. ಮೋಡದ ದಿನ ಹರವಿದ ಚೂರು ಮೆತ್ತಗಾಗಿ, ಡಬ್ಬಿಯಲ್ಲಿ ಬೆಲ್ಲವನ್ನೂ ಕೆಡಿಸುತ್ತದೆ. ಬಿಸಿಲು ಕೈಕೊಟ್ಟರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ ಆರಿಸುವುದೊಂದೇ ದಾರಿ, ಬಣ್ಣ ತಿರುಗಬಾರದು.

ಜಡಿ ಮಳೆ ಮುಗಿದ ವಾರದಲ್ಲಿ ಅಂಗಡಿಗೆ ಹೋದವರು ಉಂಡೆಯ ಹೊರ ಮಿನುಗಿಗೆ ಮರುಳಾಗುವುದು ಬೇಡ. ಒಂದನ್ನು ಹೋಳು ಮಾಡಿಸಿ ಒಳಗಿನ ಟೊಳ್ಳನ್ನು ನೋಡಬೇಕು, ಅಲ್ಲಿ ಹಳದಿ ಕಲೆಯಾಗಲಿ ಹಸಿರು ಪುಡಿಯಾಗಲಿ ಇರಬಾರದು. ಉಗುರು ಊರಿದರೆ ಎಣ್ಣೆ ಜಿನುಗಬೇಕು, ತಿರುಳು ರಬ್ಬರಿನಂತೆ ಬಗ್ಗದೆ ಲಟಕ್ಕನೆ ಮುರಿಯಬೇಕು. ಮೂಗಿಗೆ ಹಿಡಿದಾಗ ಸಿಹಿ ಬಿಟ್ಟು ಬೇರೆ ವಾಸನೆ ಬಂದರೆ ಅಂಗಡಿಯವರಿಗೇ ವಾಪಸು ಕೊಡಬೇಕು. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಡದೆ ತೊಗರಿಬೇಳೆ ಡಬ್ಬಿಯಲ್ಲಿ ಹುದುಗಿಸಿಟ್ಟರೆ ಮುಂದಿನ ಮೋಡದವರೆಗೆ ಚಿಂತೆಯಿಲ್ಲ. ಹೋಳು ಮಾಡಿಸಿದ್ದನ್ನು ಮೊದಲು ಚಟ್ನಿಪುಡಿಗೆ ಬಳಸಿ ಮುಗಿಸಬೇಕು, ಇಡಿಯಾಗಿರುವ ಉಂಡೆ ಎಳ್ಳು ಬೆಲ್ಲಕ್ಕೆ.