ಅಗ್ನಿಪರೀಕ್ಷೆ ಯಾರಿಗೆ?

1997ರ ಜೂನ್ 13ರಂದು ದೆಹಲಿಯ ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರಕ್ಕೆ ‘ಬಾರ್ಡರ್’ ನೋಡಲು ಹೋದವರಲ್ಲಿ 59 ಮಂದಿ ಮನೆಗೆ ಮರಳಲಿಲ್ಲ. ಅಂದು ತಮ್ಮ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿಗಳು 2016ರಲ್ಲಿ ಹೊರತಂದ ಇಂಗ್ಲಿಷ್ ಪುಸ್ತಕ ‘ಟ್ರಯಲ್ ಬೈ ಫೈರ್’. ಅದನ್ನಾಧರಿಸಿ ಪ್ರಶಾಂತ್ ನಾಯರ್ ರೂಪಿಸಿದ ಏಳು ಕಂತುಗಳ ಹಿಂದಿ ಸರಣಿ ಅದೇ ಹೆಸರಿನಲ್ಲಿ 2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿತು. ಹೆಸರಿನ ಅರ್ಥ ಅಗ್ನಿಪರೀಕ್ಷೆ. ಪರೀಕ್ಷೆ ಯಾರಿಗೆ, ತಪ್ಪು ಮಾಡಿದವರಿಗೋ, ದೂರು ಕೊಟ್ಟವರಿಗೋ?

ಬೆಂಕಿಯ ಆರ್ಭಟಕ್ಕಿಂತ ಕಡತ, ವಾಯಿದೆಗಳ ಹಿಂಸೆಗೇ ಹೆಚ್ಚು ಜಾಗ ಕೊಟ್ಟಿರುವುದು ಈ ಸರಣಿಯ ದೊಡ್ಡ ಗುಣ. ರಾಜಶ್ರೀ ದೇಶಪಾಂಡೆಯವರ ತಾಯಿ ನಮ್ಮ ಕನಿಕರವನ್ನು ಬೇಡುವುದಿಲ್ಲ. ಕಾಗದಪತ್ರ ಓದುತ್ತಾಳೆ, ಪ್ರಶ್ನೆ ಕೇಳುತ್ತಾಳೆ. ಅಭಯ್ ದೇವಲ್ ಅವರ ತಂದೆಯ ಮೌನವೂ ಅಷ್ಟೇ ತೂಕದ್ದು. ಆ ಕಾಗದಪತ್ರಗಳು ಹೇಳುವುದಾದರೂ ಏನು? ನೆಲಮಟ್ಟದಲ್ಲಿ, ಕಾರು ನಿಲ್ಲಿಸುವ ಜಾಗದ ಮಗ್ಗುಲಲ್ಲೇ ಇದ್ದ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಹತ್ತಿತು, ಹೊಗೆ ಮೇಲೇರಿತು. ಬಾಲ್ಕನಿಯಲ್ಲಿ ಹೆಚ್ಚಿನ ಕುರ್ಚಿ ಹಾಕುವ ಆಸೆಗೆ ಹೊರಹೋಗುವ ದಾರಿ ಮುಚ್ಚಿತ್ತು. ಜನ ಸತ್ತದ್ದು ಉಸಿರುಕಟ್ಟಿ. ಇದನ್ನು ವಿಧಿ ಎನ್ನಲು ನಮಗೆ ಬಾಯಿ ಬಾರದು.

ಕೊರತೆಯೂ ಉಂಟು. ನಡುವೆ ಕಥೆ ಅನೇಕ ಕವಲೊಡೆಯುತ್ತದೆ. ಕೆಲವು ಕವಲುಗಳು ಮುಖ್ಯಧಾರೆಯ ಬಿಸಿ ಆರಿಸುತ್ತವೆ. ಹೋರಾಡಿದ್ದು ನೊಂದ ಕುಟುಂಬಗಳು ಕೂಡಿ ಕಟ್ಟಿದ ಸಂಘ. ಸರಣಿಯಲ್ಲಿ ದಂಪತಿಗಳು ಮುಂದೆ, ಸಂಘ ಹಿಂದೆ. ಪರಊರಿನಲ್ಲಿ ಸಂಘ ಕಟ್ಟಿ, ಹತ್ತು ಜನರನ್ನು ವರ್ಷಾನುಗಟ್ಟಲೆ ಒಟ್ಟಿಗೆ ಹಿಡಿದಿಡುವ ಕಷ್ಟ ಬಲ್ಲ ನಮಗೆ ಇದು ಸಣ್ಣ ಕೊರತೆಯಾಗಿ ಕಾಣದು. ದುಃಖದಲ್ಲಿ ಮುಳುಗಿದವರನ್ನು ಮುಂದಿನ ವಾಯಿದೆಗೆ ಎಬ್ಬಿಸಿ ಕರೆತರುವುದೇ ಒಂದು ಕಥೆಯಲ್ಲವೆ?

2015ರಲ್ಲಿ ಸುಪ್ರೀಂ ಕೋರ್ಟು ಅನ್ಸಲ್ ಸಹೋದರರಿಗೆ ತಲಾ 30 ಕೋಟಿ ರೂಪಾಯಿ ದಂಡ ಹಾಕಿ, ಅದುವರೆಗಿನ ಸೆರೆವಾಸವೇ ಸಾಕೆಂದಿತು. 2017ರಲ್ಲಿ ತಮ್ಮನಿಗೆ ಒಂದು ವರ್ಷದ ಶಿಕ್ಷೆ ಉಳಿಯಿತು; ಅಣ್ಣನಿಗೆ ವಯಸ್ಸಿನ ಕಾರಣ ವಿನಾಯಿತಿ. ಸಾಕ್ಷ್ಯದ ಕಡತ ಕೆಡಿಸಿದ್ದಕ್ಕಾಗಿ 2021ರಲ್ಲಿ ಇಬ್ಬರಿಗೂ ಏಳು ವರ್ಷವಾಯಿತು. 2022ರಲ್ಲಿ ಅದೂ ಕಳೆದಷ್ಟು ದಿನಗಳಿಗೇ ಇಳಿಯಿತು. ಇಪ್ಪತ್ತೈದು ವರ್ಷ ತಪ್ಪದೆ ಪರೀಕ್ಷೆಗೆ ಕುಳಿತವರು ತಾಯ್ತಂದೆಯರೇ. ಸರಣಿಯ ಹೆಸರು ಅನ್ವರ್ಥ. ಮನೆಮಂದಿಯೆಲ್ಲ, ಬೆಳೆದ ಮಕ್ಕಳೂ ಸೇರಿ, ಇದನ್ನು ನೋಡಬೇಕೆಂದು ನಮ್ಮ ಸಲಹೆ.