ನನ್ನ ತೆರಿಗೆ, ನೆರೆಯವನ ಪಾಲು

ಬೆಳಗಾವಿ ಜಿಲ್ಲೆಯ ಕಲ್ಲೋಳಿ ಮೊದಲು ಗೋಕಾಕ ತಾಲ್ಲೂಕಿಗೆ ಸೇರಿತ್ತು. ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಅಲ್ಲಿ ದೊರೆತ ಕ್ರಿ.ಶ. 1204ರ ಒಂದು ಶಾಸನ ರಟ್ಟ ಅರಸ ನಾಲ್ವಡಿ ಕಾರ್ತವೀರ್ಯನ ಕಾಲದ್ದು. ಶಾಂತಿನಾಥ ಬಸದಿಗೆ ನೀಡಿದ ದತ್ತಿಯನ್ನು ಅದು ದಾಖಲಿಸುತ್ತದೆ. ಆ ಕಾಲದ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾರು ಕೊಟ್ಟರು, ಏನು ಕೊಟ್ಟರು, ಯಾವ ಕಾರ್ಯಕ್ಕೆ ಕೊಟ್ಟರು ಎಂಬುದನ್ನು ಊರವರೆಲ್ಲ ಕಾಣುವಂತೆ ಕಲ್ಲಿನಲ್ಲಿ ಕೊರೆಯುತ್ತಿದ್ದರು. ಕೊಡುವ ಕೈಗೂ ಅದರಿಂದ ನಡೆಯುವ ಕಾರ್ಯಕ್ಕೂ ನಡುವೆ ಹೆಚ್ಚಿನ ದೂರವಿರಲಿಲ್ಲ.

ಇಂದು ಅದೇ ಊರಿನ ಒಬ್ಬ ಶಿಕ್ಷಕನ ಸಂಬಳದಿಂದ ಆದಾಯ ತೆರಿಗೆ ಕೈಗೆ ಬರುವ ಮೊದಲೇ ಕಡಿತವಾಗುತ್ತದೆ. ಅದು ದೆಹಲಿ ಸೇರುತ್ತದೆ. ಅಲ್ಲಿಂದ ಯಾವ ರಸ್ತೆಗೆ, ಯಾವ ಆಸ್ಪತ್ರೆಗೆ, ಯಾವ ಸೈನಿಕನ ಊಟಕ್ಕೆ ಹೋಯಿತೆಂದು ಅವನಿಗೆ ತಿಳಿಯದು. ಈ ದೂರದಿಂದ ಹುಟ್ಟಿದ ಅಸಮಾಧಾನವೇ ‘ನನ್ನ ತೆರಿಗೆ, ನನ್ನ ಹಕ್ಕು’ ಎಂಬ ಘೋಷಣೆಯಾಗಿ ಕರ್ನಾಟಕದಲ್ಲಿ ಮೊಳಗಿತು. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ನೇತೃತ್ವದಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ನಡೆದ ಪ್ರತಿಭಟನೆ ಅದರ ಪ್ರಮುಖ ಘಟ್ಟ. ಈ ಘೋಷಣೆಯ ಹಿಂದಿರುವ ಚಿಂತನೆಯನ್ನು ಪಕ್ಷಾತೀತವಾಗಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಮೊದಲು ಅದರ ನ್ಯಾಯವನ್ನು ಒಪ್ಪಿಕೊಳ್ಳೋಣ. ನಮ್ಮ ಸಂವಿಧಾನದಲ್ಲಿ ಕೃಷಿಯೇತರ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಕೇಂದ್ರದ್ದು. ಸಂಗ್ರಹವಾದ ತೆರಿಗೆಯಲ್ಲಿ ರಾಜ್ಯಗಳ ಪಾಲೆಷ್ಟೆಂದು ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ. ಹದಿನಾಲ್ಕನೆಯ ಆಯೋಗದ ಲೆಕ್ಕದಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು ಶೇ. 4.713 ಇತ್ತು. ಹದಿನೈದನೆಯ ಆಯೋಗ 2021ರಿಂದ 2026ರವರೆಗಿನ ಅವಧಿಗೆ ಅದನ್ನು ಶೇ. 3.647ಕ್ಕೆ ಇಳಿಸಿತು. ಇದಲ್ಲದೆ ಸೆಸ್ ಮತ್ತು ಸರ್ಚಾರ್ಜ್ ರೂಪದಲ್ಲಿ ಬರುವ ಹಣವನ್ನು ಕೇಂದ್ರವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲ. ಶಿಕ್ಷಕನ ತೆರಿಗೆಯ ಮೇಲೆ ಸೇರುವ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಕೂಡ ಇಂಥದ್ದೇ. ಹಂಚಬೇಕಾದ ಬುಟ್ಟಿಯ ಹೊರಗೆ ಹೀಗೆ ಮತ್ತೊಂದು ಬುಟ್ಟಿ ಇಟ್ಟರೆ ಪ್ರಶ್ನೆ ಏಳುವುದು ಸಹಜ. ಅಂಕಿಗಳು ಆಯೋಗದಿಂದ ಆಯೋಗಕ್ಕೆ ಬದಲಾಗುತ್ತವೆ, ಪ್ರಶ್ನೆ ಉಳಿಯುತ್ತದೆ.

ಈ ಪ್ರಶ್ನೆ ಹೊಸದೂ ಅಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಹಣಕಾಸಿನ ಪಂಡಿತರಾದ ಪ್ರೊ. ಸೆಲಿಗ್ಮನ್ ಅವರ ಬಳಿ ಇಬ್ಬರು ಭಾರತೀಯರು ಬೇರೆ ಬೇರೆ ಕಾಲದಲ್ಲಿ ಓದಿದರು. ಒಬ್ಬರು ಜೆ.ಸಿ. ಕುಮಾರಪ್ಪ, ತಂಜಾವೂರಿನ ಕ್ರೈಸ್ತರು. ಬ್ರಿಟಿಷ್ ಸರ್ಕಾರ ಬಡವರಿಂದ ಎತ್ತಿದ ಹಣ ಬಡವರ ಹಿತಕ್ಕೆ ಮರಳುವುದಿಲ್ಲವೆಂದು ಅವರು ತೋರಿಸಿದ ಅಧ್ಯಯನವನ್ನು ಗಾಂಧೀಜಿ 1929-30ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಪ್ರಕಟಿಸಿದರು. ಕುಮಾರಪ್ಪನವರ ಭರವಸೆಯೆಲ್ಲ ಗ್ರಾಮದ ಮೇಲಿತ್ತು. ಮತ್ತೊಬ್ಬರು ಡಾ. ಬಿ.ಆರ್. ಅಂಬೇಡ್ಕರ್. ಪ್ರಾಂತೀಯ ಹಣಕಾಸಿನ ವಿಕಾಸದ ಬಗ್ಗೆ ಅವರ ಗ್ರಂಥ 1925ರಲ್ಲಿ ಪ್ರಕಟವಾಯಿತು. ಆದರೆ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಗ್ರಾಮವನ್ನು ಆದರ್ಶವೆಂದು ಒಪ್ಪಲಿಲ್ಲ. ಸ್ಥಳೀಯ ಸಂಕುಚಿತತೆಯ ಅಪಾಯವನ್ನು ಎತ್ತಿ ತೋರಿಸಿ, ರಾಜ್ಯವ್ಯವಸ್ಥೆಯ ಘಟಕ ಗ್ರಾಮವಲ್ಲ, ವ್ಯಕ್ತಿ ಎಂದರು. ಊರಿನ ಅಭಿಮಾನವನ್ನು ತೂಗುವಾಗ ಒಂದು ತಟ್ಟೆಯಲ್ಲಿ ಕುಮಾರಪ್ಪನವರನ್ನೂ ಇನ್ನೊಂದರಲ್ಲಿ ಅಂಬೇಡ್ಕರರನ್ನೂ ಇಡಬೇಕಾಗುತ್ತದೆ.

ಘೋಷಣೆಯ ದೌರ್ಬಲ್ಯ ಅದರ ಮೊದಲ ಪದದಲ್ಲಿದೆ. ‘ನನ್ನ’ ಎಂದರೆ ಯಾರ? ತೆರಿಗೆ ಕಟ್ಟಿದ ಸ್ಥಳವೇ ಆ ಸಂಪತ್ತು ಹುಟ್ಟಿದ ಸ್ಥಳವಲ್ಲ. ಕಂಪನಿಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದ್ದರೆ ಅದರ ತೆರಿಗೆ ಬೆಂಗಳೂರಿನ ಹೆಸರಿಗೆ ಬರೆಯಲ್ಪಡುತ್ತದೆ. ಅದರ ಸರಕನ್ನು ಕೊಂಡವನು ಗೋಕಾಕಿನವನಿರಬಹುದು, ದುಡಿದವನು ಬಿಹಾರದವನಿರಬಹುದು. ರಾಜ್ಯವು ದೆಹಲಿಗೆ ಹೇಳುವ ಮಾತನ್ನೇ ನಾಳೆ ಬೆಂಗಳೂರು ಉತ್ತರ ಕರ್ನಾಟಕಕ್ಕೆ ಹೇಳಿದರೆ? ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಿಗೆ ಹೆಚ್ಚಿನ ಹಣ ಕೊಡಬೇಕೆಂದು ನಾವು ಕೇಳುವುದು ಯಾವ ತತ್ವದಿಂದ? ಉಳ್ಳ ಕಡೆಯಿಂದ ಇಲ್ಲದ ಕಡೆಗೆ ಹಣ ಹರಿಯಬೇಕು ಎಂಬ ತತ್ವದಿಂದಲೇ. ಬೀದರಿಗಾಗಿ ಒಪ್ಪುವ ತತ್ವವನ್ನು ಬಿಹಾರಕ್ಕೆ ಬಂದಾಗ ಪೂರ್ತಿಯಾಗಿ ನಿರಾಕರಿಸಲಾಗದು. ಎಷ್ಟು ಹರಿಯಬೇಕೆಂದು ವಾದಿಸಬಹುದು; ಹರಿಯಲೇಬಾರದು ಎನ್ನಲಾಗದು.

ಕಲ್ಲೋಳಿಯ ಸುತ್ತಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಡಕಲ್ ಜಲಾಶಯಕ್ಕಾಗಿ ಮುಳುಗಿದ್ದು ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳು. ಅದರ ನೀರು ಘಟಪ್ರಭಾ ಎಡದಂಡೆ ಕಾಲುವೆಯಲ್ಲಿ ಹರಿದು ಹಸಿರಾಗಿಸಿದ್ದು ಕೆಳಗಿನ ತಾಲ್ಲೂಕುಗಳ ಹೊಲಗಳನ್ನು. ಮನೆಮಠ ಕಳೆದುಕೊಂಡವರು ‘ನಮ್ಮ ನೀರು, ನಮ್ಮ ಹಕ್ಕು’ ಎಂದು ಕಾಲುವೆಯ ಬಾಗಿಲು ಮುಚ್ಚಿದ್ದರೆ ಇಂದಿನ ಕಬ್ಬಿನ ಗದ್ದೆಗಳು ಎಲ್ಲಿರುತ್ತಿದ್ದವು? ಹಾಗೆಂದು ಮುಳುಗಿದವರ ದುಃಖವನ್ನು ಮರೆತು ನೀರನ್ನು ಮಾತ್ರ ಉಣ್ಣುವುದೂ ನ್ಯಾಯವಲ್ಲ. ತೆರಿಗೆಯ ಹಂಚಿಕೆಯಲ್ಲಿಯೂ ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳಬೇಕು.

ಅಧಿಕಾರ ಹತ್ತಿರವಿದ್ದಷ್ಟೂ ತೆರಿಗೆ ನ್ಯಾಯವಾಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯದ ಬಳಿಯೇ ಇದೆ. ಕರ್ನಾಟಕ 1957ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. ಕಾಲಕ್ರಮದಲ್ಲಿ ಅದು ಕಾಫಿಯಂತಹ ತೋಟದ ಬೆಳೆಗಳಿಗೆ ಸೀಮಿತವಾಯಿತು. ಎರಡು ಎಕರೆಯ ರೈತನಿಗೆ ವಿನಾಯಿತಿ ಇರಬೇಕಾದದ್ದೇ. ಆದರೆ ಅವನ ಹೆಸರಿನ ನೆರಳಿನಲ್ಲಿ ದೊಡ್ಡ ಹಿಡುವಳಿದಾರನೂ ಕುಳಿತಿದ್ದಾನೆ. ಅವನನ್ನು ಎಬ್ಬಿಸುವ ಧೈರ್ಯ ಹತ್ತಿರದ ಸರ್ಕಾರಕ್ಕೆ ಇಲ್ಲ; ಏಕೆಂದರೆ ಬಲಿಷ್ಠನೂ ಅದಕ್ಕೆ ಅಷ್ಟೇ ಹತ್ತಿರದವನು.

ದೂರದ ಅಧಿಕಾರ ಊರಿನ ವ್ಯವಹಾರವನ್ನು ಅರಿಯದೆ ಎಡವಿದ್ದಕ್ಕೂ ಉದಾಹರಣೆ ಇದೆ. ಸಹಕಾರಿ ಸಕ್ಕರೆ ಕಾರ್ಖಾನೆಗಳು ರೈತ ಸದಸ್ಯರಿಗೆ ಕನಿಷ್ಠ ದರಕ್ಕಿಂತ ಹೆಚ್ಚು ಕಬ್ಬಿನ ಬೆಲೆ ಕೊಟ್ಟಾಗ, ಅದು ಖರ್ಚಲ್ಲ, ಲಾಭದ ಹಂಚಿಕೆ ಎಂದು ಆದಾಯ ತೆರಿಗೆ ಇಲಾಖೆ ವಾದಿಸಿತು. ವ್ಯಾಜ್ಯ ದಶಕಗಳ ಕಾಲ ನಡೆಯಿತು. 2016-17ರಿಂದ ಮುಂದಕ್ಕೆ, ಸರ್ಕಾರ ನಿಗದಿಪಡಿಸಿದ ಅಥವಾ ಒಪ್ಪಿದ ದರದವರೆಗೆ ಅದನ್ನು ಖರ್ಚೆಂದು ಒಪ್ಪಲಾಯಿತು. ಹಿಂದಿನ ವರ್ಷಗಳ ಬಾಕಿಗೆ 2023ರ ಮುಂಗಡಪತ್ರ ಪರಿಹಾರ ನೀಡಿತು. ಸುಮಾರು 10,000 ಕೋಟಿ ರೂಪಾಯಿಯ ಅನುಕೂಲವೆಂದು ಹಣಕಾಸು ಸಚಿವರು ಹೇಳಿದರು. ರೈತನ ಬೆವರಿನ ಬೆಲೆಯನ್ನು ಕಾಗದದ ಮೇಲಿನ ಲಾಭವೆಂದು ಓದಿದ ತಪ್ಪನ್ನು ತಿದ್ದಲು ಇಷ್ಟು ಕಾಲ ಬೇಕಾಯಿತು. ಕುಮಾರಪ್ಪನವರ ಆತಂಕ ಇಲ್ಲಿ ನಿಜವೇ.

ಧರ್ಮಸಭೆಯ ಸಾಮಾಜಿಕ ಬೋಧನೆ ಈ ಎರಡು ಸತ್ಯಗಳನ್ನೂ ಬಿಟ್ಟುಕೊಟ್ಟಿಲ್ಲ. ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು 1931ರ ವಿಶ್ವಪತ್ರದಲ್ಲಿ, ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು. ಜಗದ್ಗುರು ಹದಿನಾರನೆಯ ಬೆನೆಡಿಕ್ಟ್‌ರವರು 2009ರಲ್ಲಿ, ತೆರಿಗೆಯ ಒಂದು ಭಾಗ ಎಲ್ಲಿಗೆ ಹೋಗಬೇಕೆಂದು ತೆರಿಗೆದಾರನೇ ನಿರ್ಧರಿಸುವ ಸಾಧ್ಯತೆಯನ್ನು ಕೂಡ ಪ್ರಸ್ತಾಪಿಸಿದರು. ಆದರೆ ಪರಸ್ಪರ ಹೊಣೆಗಾರಿಕೆಯಿಲ್ಲದ ಸ್ವಾಯತ್ತತೆ ಸ್ವಾರ್ಥಕ್ಕೆ ಜಾರುತ್ತದೆಂಬ ಎಚ್ಚರಿಕೆಯನ್ನೂ ಅದೇ ಪತ್ರದಲ್ಲಿ ನೀಡಿದರು. ಸಂತ ಪೌಲರು ಮಕೆದೋನಿಯ ಮತ್ತು ಕೊರಿಂಥದ ವಿಶ್ವಾಸಿಗಳಿಂದ ಜೆರುಸಲೇಮಿನ ಬಡವರಿಗಾಗಿ ನಿಧಿ ಸಂಗ್ರಹಿಸಿದರು. ಕೊಟ್ಟವರು ಪಡೆದವರ ಮುಖವನ್ನು ನೋಡಿರಲಿಲ್ಲ. ಆದರೆ ಹಣವನ್ನು ಒಯ್ಯುವವರ ಬಗ್ಗೆ ಯಾರಿಗೂ ಸಂಶಯ ಬಾರದಂತೆ ಪೌಲರು ಸಾಕ್ಷಿಗಳನ್ನು ಜೊತೆಗೆ ಕಳುಹಿಸಿದರು. ದೂರದವನಿಗೂ ಕೊಡಬೇಕು, ಕೊಟ್ಟದ್ದಕ್ಕೆ ಲೆಕ್ಕವೂ ಇರಬೇಕು.

ಪ್ರಿಯ ಓದುಗರೇ, ಈ ಮಾತು ನಮ್ಮ ಮನೆಯೊಳಗೂ ಬರುತ್ತದೆ. ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದ ಪಾಲನಾ ಸಭೆಯಲ್ಲಿ, ನಮ್ಮ ಕಾಣಿಕೆ ನಮ್ಮ ಚರ್ಚಿಗೇ ಇರಲಿ, ಬೇರೆಡೆಗೆ ಏಕೆ ಕಳುಹಿಸಬೇಕು ಎಂಬ ಪ್ರಶ್ನೆ ಬಂತು. ಆಗ ನಾನೂ ಮನಸ್ಸಿನಲ್ಲಿ ತಲೆಯಾಡಿಸಿದ್ದೆ. ಆ ಚರ್ಚ್ ಕಟ್ಟಿದ ಹಣ ಬೇರೆ ಊರುಗಳಿಂದ ಬಂದದ್ದೆಂದು ಹಿರಿಯ ತಾಯಿಯೊಬ್ಬರು ನೆನಪಿಸಿದಾಗ ನನಗೆ ನಾಚಿಕೆಯಾಯಿತು. ಆದರೆ ಆ ಸಭೆಯ ಮತ್ತೊಂದು ಬೇಡಿಕೆ, ಕಳುಹಿಸಿದ ಹಣದ ವಿವರವನ್ನು ಫಲಕದಲ್ಲಿ ಹಾಕಬೇಕೆಂಬುದು, ಸಂಪೂರ್ಣ ನ್ಯಾಯವಾಗಿತ್ತು. ಅದನ್ನು ಮಾಡಿದೆವು, ಗೊಣಗಾಟವೂ ತಗ್ಗಿತು.

ದೇಶದ ತೆರಿಗೆಗೂ ಬೇಕಾದದ್ದು ಇದೇ. ಸೆಸ್‌ನ ಹೆಸರಿನಲ್ಲಿ ಪಾಲು ತಪ್ಪಿಸುವುದು ನಿಲ್ಲಬೇಕೆಂದು ಕೇಳೋಣ. ರಾಜ್ಯ ದೆಹಲಿಯಿಂದ ಕೇಳುವ ಗೌರವವನ್ನು ತನ್ನ ಪಂಚಾಯಿತಿಗಳಿಗೂ ಕೊಡಲಿ ಎಂದು ಕೇಳೋಣ. ಗ್ರಾಮಸಭೆಗೆ ಹೋಗಿ ಲೆಕ್ಕ ಕೇಳೋಣ. ಏಕೆಂದರೆ ಹತ್ತಿರದ ಲೆಕ್ಕವನ್ನು ಕೇಳದವನಿಗೆ ದೂರದ ಲೆಕ್ಕ ಕೇಳುವ ನೈತಿಕ ಬಲ ಬರುವುದಿಲ್ಲ. ಹಣವನ್ನೆಲ್ಲ ಊರಿಗೆ ಮರಳಿಸುವುದು ಇಂದು ಆಗದ ಮಾತು. ಕಲ್ಲೋಳಿಯ ಶಾಸನದ ಕಲ್ಲಿನಂತೆ ಎಲ್ಲರೂ ಓದಬಲ್ಲ ಲೆಕ್ಕವನ್ನಾದರೂ ಊರಿಗೆ ತರಬಹುದು. ಆಗ ನಾವು ಕೊಟ್ಟ ತೆರಿಗೆಯಲ್ಲಿ ನಮ್ಮ ಹಕ್ಕೂ ಕಾಣುತ್ತದೆ, ನಾವು ಎಂದೂ ನೋಡದ ನೆರೆಯವನ ಪಾಲೂ ಕಾಣುತ್ತದೆ.